ಮರಗೆಲಸದ ಯಂತ್ರ ಮತ್ತು ಕೈಬೆರಳು: ಸುರಕ್ಷತೆಯ ಇತಿಹಾಸ

ಕೈಗರಗಸ, ಉಳಿ, ಹತ್ತರಿ ಹಿಡಿದು ಕೆಲಸ ಮಾಡುವ ಬಡಗಿ ಮರವನ್ನು ಅಲುಗದಂತೆ ಊರಿಟ್ಟು ಆಯುಧವನ್ನು ತಾನೇ ಆಡಿಸುತ್ತಾನೆ. ತೋಳು ನಿಂತರೆ ಗರಗಸದ ಹಲ್ಲೂ ನಿಲ್ಲುತ್ತದೆ. ಯಂತ್ರದಲ್ಲಿ ಈ ಸಂಬಂಧ ತಿರುವುಮುರುವಾಗುತ್ತದೆ. ಅಲಗು ತನ್ನ ಪಾಡಿಗೆ ತಿರುಗುತ್ತಿರುತ್ತದೆ, ಮರವನ್ನು ಅದರತ್ತ ತಳ್ಳುವುದು ಕೈಯ ಕೆಲಸವಾಗುತ್ತದೆ. 300 ಮಿಲಿಮೀಟರ್ ವ್ಯಾಸದ ಚಕ್ರಗರಗಸ ನಿಮಿಷಕ್ಕೆ 3,000 ಸುತ್ತು ತಿರುಗಿದರೆ ಅದರ ಹಲ್ಲುಗಳು ಸೆಕೆಂಡಿಗೆ ಸುಮಾರು 47 ಮೀಟರ್, ಅಂದರೆ ಗಂಟೆಗೆ ಸುಮಾರು 170 ಕಿಲೋಮೀಟರ್ ವೇಗದಲ್ಲಿ ಓಡುತ್ತವೆ. ತಗುಲಿದ್ದು ಅರಿವಿಗೆ ಬಂದು ಕೈ ಹಿಂದೆಗೆಯುವಷ್ಟರಲ್ಲಿ ಬೆರಳು ಹೋಗಿರುತ್ತದೆ. ಈ ಯಂತ್ರಗಳ ಸುರಕ್ಷತೆಯ ಎರಡು ಶತಮಾನಗಳ ಇತಿಹಾಸವೆಂದರೆ ಕೈಗೂ ಅಲಗಿಗೂ ನಡುವಿನ ಅಂತರವನ್ನು ಕೆಲಸಗಾರನ ಎಚ್ಚರಕ್ಕೆ ಬಿಡದೆ ಯಂತ್ರದ ರಚನೆಯಲ್ಲೇ ಕಟ್ಟಿಕೊಡಲು ನಡೆದ ಪ್ರಯತ್ನದ ಇತಿಹಾಸ.

ಹೊಂಡದಿಂದ ಗಿರಣಿಗೆ

ಯಂತ್ರಗಳಿಗೆ ಮೊದಲು ದಿಮ್ಮಿಯನ್ನು ಹಲಗೆ ಮಾಡುತ್ತಿದ್ದುದು ಇಬ್ಬರು ಹಿಡಿಯುವ ಉದ್ದ ಗರಗಸದಿಂದ. ದಿಮ್ಮಿಯನ್ನು ಹೊಂಡದ ಮೇಲೋ ಎತ್ತರದ ಅಡ್ಡಮರಗಳ ಮೇಲೋ ಮಲಗಿಸಿ, ಒಬ್ಬ ಮೇಲೆ ನಿಂತು, ಇನ್ನೊಬ್ಬ ಕೆಳಗೆ ನಿಂತು ಗರಗಸ ಎಳೆಯುತ್ತಿದ್ದರು. ಯೂರೋಪಿನಲ್ಲೂ ಭಾರತದಲ್ಲೂ ಇದೇ ಕ್ರಮವಿತ್ತು. ಮೇಲಿನವನು ಗೆರೆ ತಪ್ಪದಂತೆ ನೋಡಿಕೊಳ್ಳಬೇಕು, ಕೆಳಗಿನವನ ಕಣ್ಣಿಗೂ ಮೂಗಿಗೂ ಹೊಟ್ಟು ಸುರಿಯುತ್ತಿತ್ತು. ದುಡಿಮೆ ಬಲು ಕಠಿಣ. ಆದರೆ ಗರಗಸದ ವೇಗ ಮನುಷ್ಯನ ತೋಳಿನ ವೇಗವನ್ನು ಮೀರುತ್ತಿರಲಿಲ್ಲ.

ನೆದರ್ಲೆಂಡ್ಸಿನ ಕಾರ್ನೆಲಿಸ್ ಕಾರ್ನೆಲಿಸ್‌ಜೂನ್ 1594ರಲ್ಲಿ ಗಾಳಿಯಿಂದ ನಡೆಯುವ ಮರ ಕೊಯ್ಯುವ ಗಿರಣಿಯನ್ನು ಕಟ್ಟಿದ. ಕ್ರ್ಯಾಂಕಿನ ಸಹಾಯದಿಂದ ಗಾಳಿಚಕ್ರದ ಸುತ್ತಾಟವನ್ನು ಗರಗಸದ ಮೇಲೆ-ಕೆಳಗಿನ ಆಟವಾಗಿ ಮಾರ್ಪಡಿಸಿದ್ದು ಅದರ ವಿಶೇಷ. ಇಂಥ ಗಿರಣಿಗಳಲ್ಲಿ ದಿಮ್ಮಿ ಬಂಡಿಯಂಥ ಚೌಕಟ್ಟಿನ ಮೇಲೆ ಕೂತು ತಾನಾಗಿ ಮುಂದೆ ಸರಿಯುತ್ತಿತ್ತು. ಕೆಲಸಗಾರರಿಗೆ ಆಗ ಕಾಡಿದ್ದು ಗಾಯದ ಭಯಕ್ಕಿಂತ ಹೊಟ್ಟೆಪಾಡಿನ ಭಯ. 1768ರಲ್ಲಿ ಲಂಡನ್ನಿನ ಲೈಮ್‌ಹೌಸಿನಲ್ಲಿ ಚಾರ್ಲ್ಸ್ ಡಿಂಗ್ಲಿ ಕಟ್ಟಿಸಿದ್ದ ಗಾಳಿ ಗಿರಣಿಯನ್ನು ಮರ ಕೊಯ್ಯುವ ಕಾರ್ಮಿಕರ ಗುಂಪು ಒಡೆದುಹಾಕಿತು.

ಮರಗೆಲಸವನ್ನು ಪೂರ್ತಿಯಾಗಿ ಯಂತ್ರಕ್ಕೆ ಒಪ್ಪಿಸುವ ಯೋಚನೆ ಬಂದದ್ದು ಬ್ರಿಟಿಷ್ ನೌಕಾಪಡೆಯ ಅಗತ್ಯದಿಂದ. ಹಾಯಿಹಡಗಿನ ಹಗ್ಗಗಳನ್ನು ಎಳೆಯಲು ಬೇಕಾದ ಮರದ ರಾಟೆಗಳು ಒಂದೊಂದು ದೊಡ್ಡ ಹಡಗಿಗೆ ಸಾವಿರದಷ್ಟು ಬೇಕಾಗುತ್ತಿದ್ದವು. ಸೌತಾಂಪ್ಟನ್ನಿನ ವಾಲ್ಟರ್ ಟೇಲರ್ 18ನೆಯ ಶತಮಾನದಲ್ಲೇ ಅವುಗಳ ತಯಾರಿಕೆಗೆ ಚಕ್ರಗರಗಸ ಬಳಸುತ್ತಿದ್ದ. ಸ್ಯಾಮ್ಯುಯೆಲ್ ಬೆಂಥಮ್ 1791 ಮತ್ತು 1793ರಲ್ಲಿ ಮರಗೆಲಸದ ಯಂತ್ರಗಳಿಗೆ ವಿಸ್ತಾರವಾದ ಪೇಟೆಂಟ್ ಪಡೆದ. ಆತ ನೌಕಾಪಡೆಯ ಕಾಮಗಾರಿಗಳ ಮುಖ್ಯಾಧಿಕಾರಿಯಾದ ಮೇಲೆ ಪೋರ್ಟ್ಸ್‌ಮತ್ ಬಂದರಿನಲ್ಲಿ ಮಾರ್ಕ್ ಬ್ರೂನೆಲ್ ವಿನ್ಯಾಸ ಮಾಡಿ ಹೆನ್ರಿ ಮಾಡ್‌ಸ್ಲೇ ತಯಾರಿಸಿದ ಯಂತ್ರಗಳ ಸಾಲು ನಿಂತಿತು. 1808ರ ಹೊತ್ತಿಗೆ ಅಲ್ಲಿನ 45 ಯಂತ್ರಗಳಿಂದ ವರ್ಷಕ್ಕೆ 1,30,000 ರಾಟೆಗಳು ಹೊರಬರುತ್ತಿದ್ದವು. ಹಿಂದೆ 110 ಕುಶಲಕರ್ಮಿಗಳು ಮಾಡುತ್ತಿದ್ದ ಕೆಲಸಕ್ಕೆ ಅನುಭವವಿಲ್ಲದ 10 ಜನ ಸಾಕಾದರು.

ಪೋರ್ಟ್ಸ್‌ಮತ್ತಿನ ತೂತು ಕೊರೆಯುವ, ತೋಡು ತೆಗೆಯುವ, ಆಕಾರ ಕೊಡುವ ಯಂತ್ರಗಳಲ್ಲಿ ಮರವನ್ನು ಹಿಡಿಕೆಗೆ ಬಿಗಿದು, ಸನ್ನೆಗೋಲು ತಿರುಗಿಸಿದರೆ ಮುಗಿಯಿತು. ಮರ ಹಿಡಿದುಕೊಳ್ಳುವ ಕೆಲಸವೂ ಯಂತ್ರದ್ದೇ. 1828ರಲ್ಲಿ ಅಮೆರಿಕದ ವಿಲಿಯಂ ವುಡ್‌ವರ್ತ್ ಪೇಟೆಂಟ್ ಪಡೆದ ಹತ್ತರಿ ಯಂತ್ರದಲ್ಲೂ ಉರುಳೆಗಳೇ ಹಲಗೆಯನ್ನು ಒತ್ತಿ ಹಿಡಿದು ಮುಂದೆ ಸಾಗಿಸುತ್ತಿದ್ದವು. ಆದರೆ ಇವೆಲ್ಲ ಒಂದೇ ಬಗೆಯ ಸಾಮಾನನ್ನು ರಾಶಿಗಟ್ಟಲೆ ಮಾಡಲು ಹೊಂದುವ ಯಂತ್ರಗಳು. ದಿನಕ್ಕೊಂದು ಬಗೆಯ ಬಾಗಿಲು, ಕಿಟಕಿ, ಮೇಜು ಮಾಡುವ ಸಾಮಾನ್ಯ ಕಾರ್ಖಾನೆಗೆ ಕಡಿಮೆ ಬೆಲೆಯ, ಹಲವು ಕೆಲಸಕ್ಕೆ ಒದಗುವ ಯಂತ್ರ ಬೇಕಿತ್ತು. 19ನೆಯ ಶತಮಾನದ ನಡುಭಾಗದಿಂದ ಹರಡಿದ ಚಕ್ರಗರಗಸದ ಮೇಜು, ಬ್ಯಾಂಡ್‌ಸಾ, ಪ್ಲೇನರ್, ಸ್ಪಿಂಡಲ್ ಮೋಲ್ಡರ್ ಅಂಥವು. ಇವುಗಳಲ್ಲಿ ಮರ ಮತ್ತೆ ಕೆಲಸಗಾರನ ಕೈಗೆ ಬಂತು. ಬೆರಳುಗಳ ದುರಂತ ಶುರುವಾದದ್ದು ಇಲ್ಲಿಂದ.

ನಾಲ್ಕು ಯಂತ್ರ, ನಾಲ್ಕು ಬಗೆಯ ಅಪಾಯ

ಚಕ್ರಗರಗಸದ ಅಪಾಯ ಬರೀ ಹಲ್ಲಿಗೆ ಕೈ ತಗುಲುವುದರಲ್ಲಿಲ್ಲ. ಹಲಗೆಯನ್ನು ಉದ್ದಕ್ಕೆ ಕೊಯ್ಯುತ್ತ ಹೋದಂತೆ ಮರದೊಳಗಿನ ಬಿಗುವು ಸಡಿಲಗೊಂಡು, ಕೊಯ್ದ ಸೀಳು ಹಿಂದಿನಿಂದ ಮುಚ್ಚಿಕೊಳ್ಳಬಹುದು. ಗರಗಸದ ಮುಂಬದಿಯ ಹಲ್ಲುಗಳು ಮೇಲಿಂದ ಕೆಳಕ್ಕೆ ಇಳಿಯುತ್ತ ಮರವನ್ನು ಮೇಜಿಗೆ ಒತ್ತಿದರೆ, ಹಿಂಬದಿಯ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಏಳುತ್ತಿರುತ್ತವೆ. ಮುಚ್ಚಿಕೊಂಡ ಸೀಳನ್ನು ಅವು ಕಚ್ಚಿದರೆ ಹಲಗೆಯನ್ನೇ ಎತ್ತಿ ಎದುರಿಗೆ ನಿಂತವನ ಹೊಟ್ಟೆಗೋ ಎದೆಗೋ ಎಸೆಯುತ್ತವೆ. ಕಿಕ್‌ಬ್ಯಾಕ್ ಎನ್ನುವ ಈ ಒದೆತದಲ್ಲಿ ಗಾಯ ಎರಡು ಕಡೆ ಆಗಬಹುದು. ಹಾರಿದ ಮರದ ಪೆಟ್ಟು ಒಂದು. ಮರವನ್ನು ತಳ್ಳುತ್ತಿದ್ದ ಕೈ ಆಧಾರ ತಪ್ಪಿ ಗರಗಸದ ಮೇಲೆ ಬೀಳುವುದು ಇನ್ನೊಂದು.

ಇದಕ್ಕೆ ಸಿಕ್ಕ ಪರಿಹಾರ ರೈವಿಂಗ್ ನೈಫ್. ಗರಗಸದ ಬೆನ್ನಿಗೆ ಅದರದೇ ಬಾಗು ಅನುಸರಿಸಿ ನಿಲ್ಲುವ ಉಕ್ಕಿನ ಪಟ್ಟಿ ಇದು. ಗರಗಸ ಕೊಯ್ದ ಸೀಳಿನೊಳಗೆ ಈ ಪಟ್ಟಿ ಸೌದೆಯೊಳಗೆ ಹೊಡೆದ ಬೆಣೆಯಂತೆ ಕೂತು ಸೀಳು ಮುಚ್ಚದಂತೆ ತಡೆಯುತ್ತದೆ. ಪಟ್ಟಿ ಗರಗಸದ ತಟ್ಟೆಗಿಂತ ಚೂರು ದಪ್ಪ, ಹಲ್ಲು ಬಿಡುವ ಸೀಳಿಗಿಂತ ಚೂರು ತೆಳು ಇರಬೇಕು. ದಪ್ಪವಾದರೆ ಮರ ಸಿಕ್ಕಿಕೊಳ್ಳುತ್ತದೆ, ತೆಳುವಾದರೆ ಇದ್ದೂ ಇಲ್ಲದಂತೆ.

ಎರಡು ಚಕ್ರಗಳ ಮೇಲೆ ಸುತ್ತುವ ಹಲ್ಲಿನ ಪಟ್ಟಿಯಿಂದ ಮರ ಕೊಯ್ಯುವ ಬ್ಯಾಂಡ್‌ಸಾ ಕಲ್ಪನೆ ಹಳೆಯದು. ಲಂಡನ್ನಿನ ವಿಲಿಯಂ ನ್ಯೂಬೆರಿ 1808ರಲ್ಲೇ ಅದಕ್ಕೆ ಪೇಟೆಂಟ್ ಪಡೆದಿದ್ದ. ಆದರೆ ಪಟ್ಟಿಯ ಎರಡು ತುದಿಗಳನ್ನು ಬೆಸೆದ ಜಾಗ ಮತ್ತೆ ಮತ್ತೆ ತುಂಡಾಗುತ್ತಿದ್ದುದರಿಂದ ಅದು ಬಳಕೆಗೆ ಬರಲಿಲ್ಲ. ಫ್ರಾನ್ಸಿನ ಆನ್ ಪೋಲಿನ್ ಕ್ರೆಪಿನ್ 1846ರಲ್ಲಿ ಹೊಸ ಬೆಸುಗೆ ಕ್ರಮ ಕಂಡುಹಿಡಿದ ಮೇಲೆ, ಬಾಗಿದರೂ ಮುರಿಯದ ಉಕ್ಕಿನ ಪಟ್ಟಿ ಸಾಧ್ಯವಾಯಿತು. ಬ್ಯಾಂಡ್‌ಸಾ ಮರವನ್ನು ಸದಾ ಕೆಳಕ್ಕೆ, ಮೇಜಿನ ಕಡೆಗೇ ಎಳೆಯುವುದರಿಂದ ಅದು ಚಕ್ರಗರಗಸದಂತೆ ಒದೆಯುವುದಿಲ್ಲ. ಪಟ್ಟಿ ತುಂಡಾಗಿ ಹಾರುವುದು ಮತ್ತು ಕೊಯ್ಯುವ ಜಾಗದ ಮೇಲೆ ಬೇಕಿಲ್ಲದಷ್ಟು ಪಟ್ಟಿ ಬಯಲಾಗಿರುವುದು ಅದರ ಮುಖ್ಯ ಅಪಾಯಗಳು. ಮೇಲಿನ ಹಿಡಿಕೆಯನ್ನು ಮರದ ಹತ್ತಿರಕ್ಕೆ ಇಳಿಸಿ, ಎರಡೂ ಚಕ್ರಗಳನ್ನು ಪೂರ್ತಿ ಮುಚ್ಚುವುದು ಇದಕ್ಕಾಗಿ.

ಎಲ್ಲಕ್ಕಿಂತ ಹೆಚ್ಚು ಬೆರಳು ಕಿತ್ತ ಕುಖ್ಯಾತಿ ಹಲಗೆಯ ಮೈ ಸವರಿ ಸಮ ಮಾಡುವ ಹಳೆಯ ಪ್ಲೇನರಿನದು. ಎರಡು ಮೇಜುಗಳ ನಡುವಿನ ಸಂದಿಯಲ್ಲಿ ಅಲಗು ಹೊತ್ತ ಚೌಕಾಕಾರದ ಕಟರ್ ಬ್ಲಾಕ್ ತಿರುಗುತ್ತಿತ್ತು. ಚೌಕದ ಮೂಲೆಗಳು ಮೇಜಿನ ಅಂಚಿನ ಹತ್ತಿರ ಬಂದರೂ ಅದರ ಚಪ್ಪಟೆ ಬದಿಗಳು ದೂರ ಸರಿದಿರುತ್ತವೆ. ಹಾಗಾಗಿ ಸಂದಿ ಅಗಲವಾಗಿರುತ್ತದೆ. ಗಂಟು ಸಿಕ್ಕಿ ಹಲಗೆ ಹಿಂದಕ್ಕೆ ಚಿಮ್ಮಿದಾಗ ಅದನ್ನು ಒತ್ತಿದ್ದ ಕೈ ನೇರ ಸಂದಿಯೊಳಗೆ ಇಳಿಯುತ್ತಿತ್ತು. ಬೆರಳು ಮಾತ್ರವಲ್ಲ, ಅಂಗೈಯೂ ಹೋಗುತ್ತಿತ್ತು. 20ನೆಯ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಬಳಕೆಗೆ ಬಂದ ದುಂಡನೆಯ ಬ್ಲಾಕ್ ಈ ಚಿತ್ರವನ್ನು ಬದಲಿಸಿತು. ಉರುಳೆಯಾಕಾರದ ಬ್ಲಾಕಿನ ಮೈಯಿಂದ ಅಲಗು ಒಂದೆರಡು ಮಿಲಿಮೀಟರಿನಷ್ಟೇ ಹೊರಚಾಚಿರುತ್ತದೆ, ಸಂದಿ ಕಿರಿದಾಗುತ್ತದೆ. ಕೈ ಜಾರಿದರೂ ಬೆರಳ ತುದಿ ಸುಲಿದು ಹೋಗಬಹುದೇ ಹೊರತು ಕೈ ಒಳಗೆ ಎಳೆದುಕೊಳ್ಳುವುದಿಲ್ಲ. ಕೆಲಸಗಾರ ಎಷ್ಟು ಎಚ್ಚರದಿಂದಿದ್ದ ಎಂಬುದನ್ನು ಲೆಕ್ಕಿಸದೆ ಗಾಯದ ಗಾತ್ರವನ್ನೇ ಇಳಿಸಿದ ಸುಧಾರಣೆ ಇದು.

ಬಾಗಿಲ ಚೌಕಟ್ಟಿಗೆ ಅಂಚುಗೆರೆ, ತೋಡು ತೆಗೆಯುವ ಸ್ಪಿಂಡಲ್ ಮೋಲ್ಡರಿನಲ್ಲಿ ಲಂಬವಾದ ಕಂಬಿಗೆ ಅಲಗು ಸಿಕ್ಕಿಸಿರುತ್ತಾರೆ. ಬಾಗಿದ ಮರವನ್ನು ಕೆಲಸಗಾರ ಅಲಗಿನ ಸುತ್ತ ಕೈಯಿಂದಲೇ ತಿರುಗಿಸಬೇಕು. ಬಿಗಿ ಸಡಿಲವಾದರೆ ಅಲಗೇ ಕಳಚಿ ಗುಂಡಿನಂತೆ ಹಾರುತ್ತದೆ. ಅನುಭವಿಗಳೂ ಅಂಜುತ್ತಿದ್ದ ಯಂತ್ರ ಇದು.

ಕಾನೂನು ಬಂದ ದಾರಿ

ಬ್ರಿಟನ್ನಿನಲ್ಲಿ ಯಂತ್ರಗಳಿಗೆ ಮರೆ ಕಟ್ಟಬೇಕೆಂಬ ನಿಯಮ ಮೊದಲು ಬಂದದ್ದು 1844ರ ಕಾರ್ಖಾನೆ ಕಾಯ್ದೆಯಲ್ಲಿ. ಅದು ಬಟ್ಟೆ ಗಿರಣಿಗಳಿಗೆ ಸೀಮಿತವಾಗಿತ್ತು. ಮರಗೆಲಸದ ಕಾರ್ಖಾನೆಗಳು ಬಹುಕಾಲ ಅದರ ಹೊರಗೇ ಉಳಿದವು. ಅಪಾಯ ಗೊತ್ತಿದ್ದೇ ಕೆಲಸಕ್ಕೆ ಸೇರಿದವನು ಅದರ ಫಲವನ್ನೂ ಒಪ್ಪಿಕೊಂಡಂತೆ ಎಂಬುದು ಆ ಕಾಲದ ನ್ಯಾಯಾಲಯಗಳ ನಿಲುವು. ಈ ನಿಲುವನ್ನು ಅಲುಗಿಸಿದ್ದು ಪರಿಹಾರದ ಕಾನೂನು. ಜರ್ಮನಿ 1884ರಲ್ಲಿ ಕಡ್ಡಾಯ ಅಪಘಾತ ವಿಮೆ ತಂದಿತು. ಆಯಾ ಉದ್ಯಮದ ಮಾಲೀಕರೇ ಸೇರಿದ ಸಂಘಗಳು ಗಾಯಾಳುಗಳಿಗೆ ಹಣ ಕೊಡಬೇಕಾಯಿತು. ಹಣ ಕೊಡುವವರಿಗೇ ಅಪಘಾತ ತಡೆಯುವ ನಿಯಮ ಮಾಡುವ ಅಧಿಕಾರವೂ ಇದ್ದುದರಿಂದ ದುಂಡು ಬ್ಲಾಕಿನಂಥ ಸುಧಾರಣೆಗಳಿಗೆ ಅಲ್ಲಿ ಬೇಗ ಒತ್ತು ಸಿಕ್ಕಿತು. ಬ್ರಿಟನ್ 1897ರಲ್ಲಿ, ತಪ್ಪು ಯಾರದೆಂದು ಕೇಳದೆ ಪರಿಹಾರ ಕೊಡುವ ಕಾಯ್ದೆ ಮಾಡಿತು.

ಬ್ರಿಟನ್ನಿನಲ್ಲಿ 1922ರಲ್ಲಿ ಹೊರಬಂದ ಮರಗೆಲಸ ಯಂತ್ರಗಳ ನಿಯಮಾವಳಿ ಈ ಇತಿಹಾಸದ ಮುಖ್ಯ ಘಟ್ಟ. ಅದು ಎಚ್ಚರದಿಂದಿರಿ ಎಂದು ಬೋಧಿಸದೆ ಅಳತೆಗಳನ್ನು ಹೇಳಿತು. ಚಕ್ರಗರಗಸದ ಮೇಜಿನ ಕೆಳಭಾಗವನ್ನು ಎರಡೂ ಬದಿ ಲೋಹದ ತಗಡಿನಿಂದ ಮುಚ್ಚಬೇಕು. ರೈವಿಂಗ್ ನೈಫಿನ ಅಂಚು ಮೇಜಿನ ಮಟ್ಟದಲ್ಲಿ ಹಲ್ಲಿನಿಂದ ಅರ್ಧ ಅಂಗುಲಕ್ಕಿಂತ ದೂರ ಇರಕೂಡದು. 24 ಅಂಗುಲಕ್ಕಿಂತ ಸಣ್ಣ ಗರಗಸದಲ್ಲಿ ಅದು ಗರಗಸದ ನೆತ್ತಿಗಿಂತ ಒಂದು ಅಂಗುಲದಷ್ಟು ಕೆಳಗಿನವರೆಗೂ ಏರಿರಬೇಕು. ಮೇಲೆ ಹೊಂದಿಸಬಹುದಾದ ಗಾರ್ಡ್ ಇರಬೇಕು. ಮರ ತಳ್ಳಲು ತಳ್ಳುಕೋಲು ಕೈಗೆ ಸಿಗುವಂತಿರಬೇಕು. ಕೈಯಿಂದ ಮರ ತಳ್ಳುವ ಪ್ಲೇನರಿಗೆ ದುಂಡು ಬ್ಲಾಕ್ ಕಡ್ಡಾಯ.

ಯಂತ್ರದ ಸುತ್ತಲಿನ ವಾತಾವರಣವನ್ನೂ ಆ ನಿಯಮಗಳು ಬಿಡಲಿಲ್ಲ. ನೆಲ ಸಮತಟ್ಟಾಗಿರಬೇಕು, ಜಾರಬಾರದು. ಯಂತ್ರದ ಸುತ್ತ ಓಡಾಡಲು ಜಾಗ ಬೇಕು. ಕೋಣೆಯ ಉಷ್ಣಾಂಶ 50 ಡಿಗ್ರಿ ಫ್ಯಾರನ್‌ಹೀಟಿಗಿಂತ ಇಳಿಯಬಾರದು. ಚಳಿಗೆ ಮರಗಟ್ಟಿದ ಬೆರಳಿಗೆ ಮರದ ಹಿಡಿತ ಸಿಗುವುದಿಲ್ಲ ಎಂಬುದು ಇದರ ಹಿಂದಿನ ಅರಿವು. ಹೊಸಬನಿಗೆ ಆ ಯಂತ್ರದ ಅಪಾಯಗಳೇನು, ಮುನ್ನೆಚ್ಚರಿಕೆಗಳೇನು ಎಂದು ಕಲಿಸುವುದು ಕಡ್ಡಾಯವಾಯಿತು. ಈ ನಿಯಮಾವಳಿ 1974ರಲ್ಲಿ ಹೊಸದು ಬರುವವರೆಗೆ ಅರ್ಧ ಶತಮಾನ ಜಾರಿಯಲ್ಲಿತ್ತು.

ಭಾರತದಲ್ಲಿ

ಭಾರತದ ಮೊದಲ ಕಾರ್ಖಾನೆ ಕಾಯ್ದೆ 1881ರದು. ನೂರು ಅಥವಾ ಹೆಚ್ಚು ಜನ ದುಡಿಯುವ, ಯಂತ್ರಶಕ್ತಿ ಬಳಸುವ ಕಾರ್ಖಾನೆಗಳಿಗೆ ಅದು ಅನ್ವಯಿಸುತ್ತಿತ್ತು. ಮರಗೆಲಸದ ಯಂತ್ರಗಳು ಆಗ ದೊಡ್ಡ ಪ್ರಮಾಣದಲ್ಲಿ ಕಾಣುತ್ತಿದ್ದುದು ರೈಲ್ವೆ ವರ್ಕ್‌ಶಾಪುಗಳಲ್ಲಿ. ರೈಲು ಬೋಗಿಗಳ ಮೈ ಮರದ್ದಾಗಿದ್ದ ಕಾಲ ಅದು. 1885ರಲ್ಲಿ ಶುರುವಾದ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪ್ ಅದೇ ಕಾಲದ್ದು.

1923ರ ಕಾರ್ಮಿಕರ ಪರಿಹಾರ ಕಾಯ್ದೆ ಕಳೆದುಹೋದ ಅಂಗಕ್ಕೆ ಲೆಕ್ಕ ಕಟ್ಟುವ ಕ್ರಮ ತಂದಿತು. ದುಡಿಯುವ ಶಕ್ತಿ ಎಷ್ಟು ಪಾಲು ಹೋಯಿತೆಂದು ಅದರ ಅನುಸೂಚಿ ಹೇಳುತ್ತಿತ್ತು. ನಂತರದ ತಿದ್ದುಪಡಿಗಳ ಬಳಿಕ ಅದರಲ್ಲಿ ಹೆಬ್ಬೆರಳಿಗೆ ಶೇ. 30, ತೋರುಬೆರಳಿಗೆ ಶೇ. 14, ನಡುಬೆರಳಿಗೆ ಶೇ. 12, ಉಂಗುರ ಬೆರಳಿಗೋ ಕಿರುಬೆರಳಿಗೋ ಶೇ. 7 ಎಂದಿತ್ತು. ಒಂದು ಕೈಯ ನಾಲ್ಕು ಬೆರಳು ಹೋದರೆ ಶೇ. 50. ಬಡಗಿಯ ಹಿಡಿತವೆಲ್ಲ ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಇರುವುದರಿಂದ ಅವನ ಪಾಲಿನ ನಷ್ಟ ಹಲವು ವೇಳೆ ಈ ಲೆಕ್ಕವನ್ನು ಮೀರುತ್ತಿತ್ತು.

ಸ್ವಾತಂತ್ರ್ಯದ ನಂತರದ 1948ರ ಕಾರ್ಖಾನೆ ಕಾಯ್ದೆಯ 21ನೆಯ ಕಲಂ ಅಪಾಯದ ಭಾಗಗಳಿಗೆ ಭದ್ರವಾದ ಮರೆ ಇರಬೇಕೆಂದು ವಿಧಿಸಿತು. 22ನೆಯದು ಓಡುತ್ತಿರುವ ಯಂತ್ರವನ್ನು ಪರೀಕ್ಷಿಸುವವನು ತರಬೇತಿ ಪಡೆದವನಾಗಿದ್ದು ಮೈಗೆ ಬಿಗಿಯಾದ ಉಡುಪು ತೊಟ್ಟಿರಬೇಕು ಎಂದಿತು. 23ನೆಯದು ತರಬೇತಿಯಿಲ್ಲದ ಎಳೆಯರನ್ನು ಅಪಾಯಕಾರಿ ಯಂತ್ರಗಳಿಂದ ದೂರ ಇರಿಸಿತು. ಮರಗೆಲಸದ ಯಂತ್ರಗಳ ವಿವರವಾದ ನಿಯಮಗಳು ರಾಜ್ಯಗಳ ಕೈಗೆ ಬಂದವು. ಕರ್ನಾಟಕದಲ್ಲಿ ಅವು 1969ರ ಕಾರ್ಖಾನೆ ನಿಯಮಗಳಲ್ಲಿವೆ. ರೈವಿಂಗ್ ನೈಫ್, ತಳ್ಳುಕೋಲು, ದುಂಡು ಬ್ಲಾಕ್, ಹೊಸಬನ ತರಬೇತಿ ಎಂಬ ಕ್ರಮ ನೋಡಿದರೆ 1922ರ ನಿಯಮಾವಳಿಯ ನೆರಳು ಸ್ಪಷ್ಟವಾಗಿ ಕಾಣುತ್ತದೆ.

1948ರ ಕಾಯ್ದೆಯ 24ನೆಯ ಕಲಮಿನ ಹಿಂದೆ ಹಳೆಯ ಕಾರ್ಖಾನೆಯೊಂದರ ಚಿತ್ರವೇ ಇದೆ. ಆಗ ಯಂತ್ರಕ್ಕೊಂದು ಮೋಟಾರು ಇರಲಿಲ್ಲ. ಮಾಡಿನ ಕೆಳಗೆ ಉದ್ದಕ್ಕೂ ತಿರುಗುವ ಒಂದೇ ಕಂಬಿಯಿಂದ ಪ್ರತಿ ಯಂತ್ರಕ್ಕೂ ಬೆಲ್ಟ್ ಇಳಿದಿರುತ್ತಿತ್ತು. ಯಂತ್ರ ನಿಲ್ಲಿಸಲು ಬೆಲ್ಟನ್ನು ಪಕ್ಕದ ಖಾಲಿ ಗಾಲಿಗೆ ಸರಿಸಬೇಕು. ಆ ಬೆಲ್ಟ್ ಒಮ್ಮೊಮ್ಮೆ ತಾನಾಗಿ ಹಿಂದಕ್ಕೆ ಸರಿದು ನಿಂತ ಯಂತ್ರವನ್ನು ಓಡಿಸಿಬಿಡುತ್ತಿತ್ತು. ಅಲಗು ಬಿಚ್ಚುತ್ತಿದ್ದವನ ಕೈ ಆಗ ಅದರ ಮೇಲೇ ಇರುತ್ತಿತ್ತು. ಹಾಗಾಗಿ ನಿಲ್ಲಿಸುವ ಸಾಧನಕ್ಕೆ ಬೀಗದಂಥ ತಡೆ ಬೇಕೆಂದು ಕಾಯ್ದೆ ಹೇಳಿತು. ಬಿಡಿ ಮೋಟಾರು ಬಂದ ಮೇಲೆ ಇದೇ ಅಪಾಯ ಬೇರೆ ರೂಪ ತಾಳಿತು. ಕರೆಂಟು ಹೋದಾಗ ಸ್ವಿಚ್ ಆರಿಸದೆ ಬಿಟ್ಟ ಯಂತ್ರ ಕರೆಂಟು ಬಂದ ಕೂಡಲೇ ತಿರುಗುತ್ತದೆ. ವಿದ್ಯುತ್ ಮರಳಿದರೂ ಗುಂಡಿ ಒತ್ತದೆ ಹೊರಡದ ನೋ-ವೋಲ್ಟ್ ಸ್ಟಾರ್ಟರ್ ಇದಕ್ಕೆ ಪರಿಹಾರವಾಯಿತು.

ಚನ್ನಪಟ್ಟಣದ ಬೊಂಬೆ ಕೆಲಸದಲ್ಲಿ ಕೈಗೂ ಅಲಗಿಗೂ ಇರುವ ಸಂಬಂಧ ಮೂರನೆಯ ಬಗೆಯದು. ಲೇಥಿನಲ್ಲಿ ತಿರುಗುವುದು ಮರ, ಕೈಯಲ್ಲಿರುವುದು ಉಳಿ. ತಿರುಗುವ ಆಲೆಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿದರೆ ತಿಕ್ಕಾಟದ ಬಿಸಿಗೆ ಅರಗು ಕರಗಿ ಬಣ್ಣ ಹಿಡಿಯುತ್ತದೆ. ಕೈಯಿಂದ ಎಳೆಯುವ ಲೇಥಿನ ಜಾಗಕ್ಕೆ ಮೋಟಾರು ಬಂದಾಗ ಕೊಯ್ಯುವ ಅಪಾಯಕ್ಕಿಂತ ಸುತ್ತಿಕೊಳ್ಳುವ ಅಪಾಯ ಹೆಚ್ಚಾಯಿತು. ಸಡಿಲ ತೋಳು, ಸೆರಗು, ದುಪಟ್ಟಾ, ಬಿಚ್ಚಿದ ಕೂದಲು ತಿರುಗುವ ಮರಕ್ಕೆ ಸಿಕ್ಕಿದರೆ ಬಿಡಿಸಿಕೊಳ್ಳಲು ಸಮಯವಿರುವುದಿಲ್ಲ. ರಕ್ಷಣೆಗೆಂದು ಕೈಗವಸು ತೊಡುವುದೂ ಇಲ್ಲಿ ತಪ್ಪು. ಅದು ಸಿಕ್ಕಿಕೊಂಡರೆ ಕೈಯನ್ನೂ ಎಳೆದೊಯ್ಯುತ್ತದೆ.

ಕಣ್ಣಿಗೆ ಕಾಣದ ಗಾಯ

ಯಂತ್ರಗಳು ಕೈಗರಗಸಕ್ಕಿಂತ ಬಹಳ ನಯವಾದ ಹುಡಿಯನ್ನು ಗಾಳಿಗೆ ತೂರುತ್ತವೆ. ಇದರ ಪರಿಣಾಮ ಬೆಳಕಿಗೆ ಬಂದದ್ದು ಇಂಗ್ಲೆಂಡಿನ ಹೈ ವಿಕಂ ಎಂಬ ಪೀಠೋಪಕರಣದ ಊರಿನಲ್ಲಿ. ಅಲ್ಲಿನ ಕಿವಿ-ಮೂಗು-ಗಂಟಲು ವೈದ್ಯೆ ಎಸ್ತರ್ ಹ್ಯಾಡ್‌ಫೀಲ್ಡ್ ಅಪರೂಪದ ಮೂಗಿನ ಕ್ಯಾನ್ಸರ್ ಬಡಗಿಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತಿರುವುದನ್ನು ಗಮನಿಸಿದರು. ಅವರೂ ಸಹವೈದ್ಯರೂ 1968ರಲ್ಲಿ ಪ್ರಕಟಿಸಿದ ಅಧ್ಯಯನ ಮರದ ಹುಡಿಗೂ ಈ ರೋಗಕ್ಕೂ ಇರುವ ಸಂಬಂಧವನ್ನು ತೋರಿಸಿತು. ಮರುವರ್ಷವೇ ಬ್ರಿಟನ್ ಇದನ್ನು ವೃತ್ತಿರೋಗಗಳ ಪಟ್ಟಿಗೆ ಸೇರಿಸಿತು. 1995ರಲ್ಲಿ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಮರದ ಹುಡಿಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿನಲ್ಲಿರಿಸಿತು. ಯಂತ್ರದ ಬಾಯಲ್ಲೇ ಹುಡಿಯನ್ನು ಹೀರುವ ಕೊಳವೆ ಅಲ್ಲಿಂದಾಚೆ ಗಾರ್ಡಿನಷ್ಟೇ ಮುಖ್ಯವೆನಿಸಿತು.

ಹೊಸ ತಂತ್ರ, ಹಳೆಯ ಅಭ್ಯಾಸ

20ನೆಯ ಶತಮಾನದ ಕೊನೆಯ ಹೊತ್ತಿಗೆ ಯೂರೋಪು ಇನ್ನೊಂದು ಹಂತಕ್ಕೆ ಹೋಯಿತು. ಸ್ವಿಚ್ ಆರಿಸಿದ ಮೇಲೂ ಬಹಳ ಹೊತ್ತು ಸುತ್ತುವ ಅಲಗನ್ನು 10 ಸೆಕೆಂಡಿನೊಳಗೆ ನಿಲ್ಲಿಸುವ ಬ್ರೇಕ್ ಬಂತು. ಸ್ಪಿಂಡಲ್ ಮೋಲ್ಡರಿನ ಅಲಗು ಬ್ಲಾಕಿನಿಂದ ಮಿಲಿಮೀಟರಿಗೆ ತುಸು ಹೆಚ್ಚು ಮಾತ್ರ ಹೊರಚಾಚುವಂತಾಯಿತು. ಮೇಜಿನ ಮೇಲೆ ಕೂರಿಸುವ ಪವರ್ ಫೀಡರಿನ ರಬ್ಬರ್ ಗಾಲಿಗಳು ಮರವನ್ನು ಒತ್ತಿ ಸಾಗಿಸಿದವು. ಪೋರ್ಟ್ಸ್‌ಮತ್ತಿನಲ್ಲಿದ್ದಂತೆ ಮರ ಹಿಡಿಯುವ ಕೆಲಸ ಯಂತ್ರಕ್ಕೇ ಮರಳಿತು.

ಅಮೆರಿಕದ ದಾರಿ ಬೇರೆಯಾಗಿತ್ತು. ಅಲ್ಲಿನ ಟೇಬಲ್ ಗರಗಸಗಳಲ್ಲಿ ಸೀಳು ಬಿಡಿಸುವ ಪಟ್ಟಿ ಗಾರ್ಡಿಗೆ ಅಂಟಿಕೊಂಡಿರುತ್ತಿತ್ತು. ಗಾರ್ಡ್ ಅಡ್ಡಿಯೆಂದು ಕಳಚಿದವರು ಪಟ್ಟಿಯನ್ನೂ ಕಳೆದುಕೊಳ್ಳುತ್ತಿದ್ದರು. ಗರಗಸದ ಜತೆಗೇ ಏರಿಳಿಯುವ ರೈವಿಂಗ್ ನೈಫನ್ನು ಹೊಸ ವಿನ್ಯಾಸಗಳಿಗೆ ಯುಎಲ್ ಎಂಬ ಸುರಕ್ಷತಾ ಸಂಸ್ಥೆಯ ಮಾನದಂಡ ಕಡ್ಡಾಯ ಮಾಡಿದ್ದು 2008ರಲ್ಲಿ, ಬ್ರಿಟನ್ನಿಗಿಂತ 86 ವರ್ಷ ತಡವಾಗಿ. ಟೇಬಲ್ ಗರಗಸದ ಅಲಗು ತಗುಲಿ ವರ್ಷಕ್ಕೆ ಸುಮಾರು 30 ಸಾವಿರ ಜನ ಆಸ್ಪತ್ರೆಗಳ ತುರ್ತು ವಿಭಾಗಕ್ಕೆ ಬರುತ್ತಾರೆಂದು ಅಲ್ಲಿನ ಗ್ರಾಹಕ ಸುರಕ್ಷತಾ ಆಯೋಗ ಅಂದಾಜಿಸಿತ್ತು. ಸ್ಟೀಫನ್ ಗ್ಯಾಸ್ 1999ರಲ್ಲಿ ರೂಪಿಸಿದ ಸಾಸ್ಟಾಪ್ ಎಂಬ ಸಾಧನ ಈ ಸಮಸ್ಯೆಗೆ ಉತ್ತರವಾಗಿ ಬಂತು. ಅಲಗಿನಲ್ಲಿ ಹರಿಯುವ ಸಣ್ಣ ವಿದ್ಯುತ್ ಸಂಕೇತ ಮೈ ತಗುಲಿದಾಗ ಬದಲಾಗುತ್ತದೆ. ಆ ಕ್ಷಣ ಅಲ್ಯುಮಿನಿಯಂ ತುಂಡೊಂದು ಹಲ್ಲಿಗೆ ಚಿಮ್ಮಿ ಸುಮಾರು 5 ಮಿಲಿಸೆಕೆಂಡಿನಲ್ಲಿ ಅಲಗನ್ನು ನಿಲ್ಲಿಸುತ್ತದೆ. ಬೆರಳಿಗೆ ಗೀರಷ್ಟೇ ಉಳಿಯುತ್ತದೆ. ಇದನ್ನು ಅಳವಡಿಸಿದ ಮೊದಲ ಗರಗಸಗಳು 2004ರಲ್ಲಿ ಮಾರಾಟಕ್ಕೆ ಬಂದವು.

ಕರ್ನಾಟಕದ ಊರೂರಿನ ಮರಗೆಲಸದ ಅಂಗಡಿಗಳಿಗೆ ಈ ಸುಧಾರಣೆಗಳು ಅಲ್ಪವಾಗಿಯೇ ತಲುಪಿವೆ. 1948ರ ಕಾಯ್ದೆ ಯಂತ್ರಶಕ್ತಿ ಬಳಸುವಲ್ಲಿ ಕನಿಷ್ಠ 10 ಕೆಲಸಗಾರರಿದ್ದರೆ ಮಾತ್ರ ಅನ್ವಯವಾಗುತ್ತಿತ್ತು. 2020ರಲ್ಲಿ ಸಂಸತ್ತು ಅಂಗೀಕರಿಸಿದ ವೃತ್ತಿ ಸುರಕ್ಷತಾ ಸಂಹಿತೆ ಆ ಮಿತಿಯನ್ನು 20ಕ್ಕೆ ಏರಿಸಿತು. ಇಬ್ಬರು ಮೂವರು ದುಡಿಯುವ ಅಂಗಡಿ ಎರಡರ ಲೆಕ್ಕದಲ್ಲೂ ಹೊರಗೇ. ಪ್ಲೈವುಡ್ ಹಲಗೆಯಲ್ಲಿ ಸೀಳು ಕೊರೆದು, ಕೈಯಲ್ಲಿ ಹಿಡಿಯುವ ಕಟಿಂಗ್ ಮೆಷಿನ್ನನ್ನು ತಲೆಕೆಳಗಾಗಿ ಅದರ ಅಡಿಗೆ ಬಿಗಿದು ಟೇಬಲ್ ಗರಗಸ ಮಾಡಿಕೊಳ್ಳುವುದು ಇಂಥ ಕಡೆ ಸಾಮಾನ್ಯ. ಅದರಲ್ಲಿ ರೈವಿಂಗ್ ನೈಫ್ ಇಲ್ಲ, ಗಾರ್ಡ್ ಇಲ್ಲ. ಸ್ವಿಚ್ಚನ್ನು ಒತ್ತಿದ ಸ್ಥಿತಿಯಲ್ಲೇ ಕಟ್ಟಿರುವುದರಿಂದ ನಿಲ್ಲಿಸಬೇಕಾದರೆ ಗೋಡೆಯ ಪ್ಲಗ್ಗಿನವರೆಗೆ ಹೋಗಬೇಕು.

ಇಂಥ ಕಡೆಯೂ ಪಾಲಿಸಬಹುದಾದ ನಿಯಮಗಳು ಈ ಇತಿಹಾಸದಿಂದಲೇ ಬಂದಿವೆ. ಅಲಗು ಬದಲಿಸುವ ಮುನ್ನ ಪ್ಲಗ್ ಕೀಳಬೇಕು. ಅಲಗು ಮರಕ್ಕಿಂತ ಚೂರೇ ಮೇಲೆದ್ದಿರಬೇಕು. ಕೊಯ್ತದ ಕೊನೆಯ ಗೇಣಿನಲ್ಲಿ ಕೈ ಬದಲು ತಳ್ಳುಕೋಲು ಬಳಸಬೇಕು. ಗರಗಸದ ನೇರಕ್ಕೆ ನಿಲ್ಲದೆ ತುಸು ಪಕ್ಕಕ್ಕೆ ನಿಲ್ಲಬೇಕು. ಹಳೆಯ ಮರವಾದರೆ ಮೊಳೆ ಇದೆಯೇ ಎಂದು ನೋಡಿಕೊಳ್ಳಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮಾಸ್ಕ್ ಬೇಕು. ಇವೆಲ್ಲ ಕೆಲಸಗಾರನ ಎಚ್ಚರವನ್ನು ನೆಚ್ಚಿದ ಕ್ರಮಗಳು. ದಣಿದ ಸಂಜೆ, ಅವಸರದ ಆರ್ಡರು ಬಂದಾಗ ಆ ಎಚ್ಚರ ಸಡಿಲುತ್ತದೆ. 1922ರ ನಿಯಮಗಳು ಅಳತೆಯಲ್ಲಿ ಮಾತನಾಡಿದ್ದು ಇದನ್ನು ಅರಿತೇ. ಸಣ್ಣ ಅಂಗಡಿಗಳ ಬೆರಳು ಉಳಿಯಬೇಕಾದರೆ ರೈವಿಂಗ್ ನೈಫ್, ಗಾರ್ಡ್, ನೋ-ವೋಲ್ಟ್ ಸ್ಟಾರ್ಟರ್ ಇರುವ ಯಂತ್ರ ಅಲ್ಲಿನ ಬಡಗಿಯ ಕೊಳ್ಳುವ ಶಕ್ತಿಯೊಳಗೆ ಬರಬೇಕು.